ಓರೆ ಬೆಳಕು

ನೆತ್ತಿಯ ಬಲ್ಬಿನಡಿ ಯಾವ ಗೋಡೆಯೂ ಸಜ್ಜನ.
ತಿಬಿಲಿಸಿಯ ಈ ಮೂರನೇ ಮಹಡಿಯಲ್ಲಿ
ಇಪ್ಪತ್ತೆರಡು ವರ್ಷ ಇದೂ ಹಾಗೇ ನಿಂತಿತ್ತು
ಕೈಕಟ್ಟಿ, ಬಿಳಿ ಅಂಗಿ ತೊಟ್ಟು.
ಮೊನ್ನೆ ಎತೇರಿಯ ಸೊಸೆ, ಹೊಲಿಗೆಗೆಂದು,
ಗೋಡೆಗೇ ಅಂಟಿಸಿ ಒಂದು ಹಿತ್ತಾಳೆ ದೀಪ ಹಾಕಿಸಿದಳು.
ಸ್ವಿಚ್ಚು ಒತ್ತಿದ್ದೇ ತಡ
ಉಬ್ಬು ತಗ್ಗುಗಳೆಲ್ಲ ತಂತಮ್ಮ ನೆರಳು ಹೊತ್ತು ಎದ್ದವು,
ಅರ್ಧಕ್ಕೇ ಎತ್ತು ಬಿಚ್ಚಿದ ಹೊಲದ ಹಾಗೆ.

'ಯಾವ ಕತ್ತೆ ಬಳಿದದ್ದು ಇದನ್ನ?'
ಎತೇರಿ ಕೇಳಿದ್ದು ನನ್ನನ್ನು.
ನಾನು ರಸಮಟ್ಟದ ಗುಳ್ಳೆಯನ್ನೇ ನೋಡುತ್ತಿದ್ದೆ.

ಸೋಫಾದ ಮೇಲೆ ಹಳೆ ಚಾದರ ಹೊದಿಸಿ
ಹುಡುಗ ಬಾದ್ರಿ ಲಾಂಪು ಹಿಡಿದ,
ಗೋಡೆಯ ಕೆನ್ನೆಗೆ ತಾಗುವಷ್ಟು ಹತ್ತಿರ.
ನಾನು ಅಂಗೈ ಸವರುತ್ತ ಹೋದೆ;
ಕಣ್ಣಿಗಿಂತ ಅಂಗೈ ಕಡಿಮೆ ಸುಳ್ಳು ಹೇಳುತ್ತದೆ.
ತಗ್ಗಿಗೆ ಪೆನ್ಸಿಲಿನ ಸೊನ್ನೆ, ಉಬ್ಬಿಗೆ ತಪ್ಪು ಗುರುತು.
ಮಧ್ಯಾಹ್ನದ ಹೊತ್ತಿಗೆ ಗೋಡೆ
ಫೇಲಾದ ಹುಡುಗನ ಲೆಕ್ಕದ ಪುಸ್ತಕ.

ಆಮೇಲೆ ಬೆರಳ ಗೆಣ್ಣಿನಿಂದ ತಟ್ಟುವುದು.
ಟಕ್, ಟಕ್, ಟಕ್,
ಕಿಟಕಿಯ ಪಕ್ಕ ಡಬ್,
ಹಣ್ಣಾದ ಕಲ್ಲಂಗಡಿ.
ಕರಣೆಯ ಮೂಲೆ ತೂರಿಸಿದರೆ
ಹಪ್ಪಳದಂತೆ ಕಳಚಿ ಬಂತು.
ಒಳಗೆ ಗಾರೆಯಿಲ್ಲ.
ಮುದ್ದೆಗಟ್ಟಿದ ಹಳೆ ಪೇಪರು,
ಅದರ ಹಿಂದೆ ಒಂದು ಖಾಲಿ ಸಿಗರೇಟು ಪ್ಯಾಕು.
ಆ ಬ್ರಾಂಡು ಈಗ ಎಲ್ಲೂ ಸಿಗುವುದಿಲ್ಲ.
ನಾನು ಬಿಟ್ಟೂ ಹದಿನೈದು ವರ್ಷವಾಯಿತು.

ಶನಿವಾರ ಮದುವೆ. ಮುಂಗಡದ ದುಡ್ಡು
ಆಗಲೇ ಉಂಗುರವಾಗಿ ಹೋಗಿತ್ತು.
ಆ ವಾರವೆಲ್ಲ ಕರೆಂಟಿಲ್ಲ,
ಮೇಣದ ಬತ್ತಿಯ ಬೆಳಕಲ್ಲಿ ಬಳಿದೆ.
ಮೇಣದ ಬೆಳಕಲ್ಲಿ ಎಲ್ಲ ಗೋಡೆಯೂ ಅಲುಗುತ್ತದೆ,
ಯಾವುದು ಉಬ್ಬು, ಯಾವುದು ನನ್ನ ನೆರಳು?
ಎತೇರಿ ಈ ಮನೆ ಕೊಂಡದ್ದು ಮರುವರ್ಷ.

ಪ್ಯಾಕನ್ನು ಜೇಬಿಗಿಳಿಸಿದೆ.
ಪುಟ್ಟಿಯನ್ನು ಮತ್ಸೋನಿಯ ಹದಕ್ಕೆ ಕಲಸಿ
ತೆಳುವಾಗಿ ಒಂದು ಪದರ, ಒಣಗಿದ ಮೇಲೆ ಇನ್ನೊಂದು.
ಒಂದೇ ಸಲಕ್ಕೆ ತುಂಬಬಾರದು, ಹುಡುಗ,
ಅವಸರದ ಗುಣಿ ಮತ್ತೆ ಬಾಯಿ ಬಿಡುತ್ತದೆ.
ಬಾದ್ರಿ ತಲೆಯಾಡಿಸಿದ.
ಕಳಚಿದ ಹಪ್ಪಳ ಅವನ ಕೈಯಲ್ಲೇ ಇತ್ತು,
ಲಾಂಪಿನ ಕೆಳಗೆ ಓರೆಯಾಗಿ ಹಿಡಿದಿದ್ದ.
ಕರಣೆ ಎಳೆದ ಕಮಾನುಗಳೆಲ್ಲ
ಬಲದಿಂದ ಎಡಕ್ಕೆ ಬಾಗಿದ್ದವು.
ಅದನ್ನು ನೋಡಿದ. ನನ್ನ ಕೈ ನೋಡಿದ.
'ಈ ಕತ್ತೆಯೂ ಎಡಚ ಅಂತ ಕಾಣ್ತದೆ.'

ಲಾಂಪು ನೆಟ್ಟಗೆ ಹಿಡಿ, ಎಂದೆ.

ನಾಲ್ಕನೇ ದಿನ ಪ್ರೈಮರು,
ಅದು ಒಣಗಿದ ಮೇಲೂ ಅಲ್ಲಲ್ಲಿ
ಎರಡು ಸೊನ್ನೆ ಇಣುಕಿದವು. ಮತ್ತೆ ಪುಟ್ಟಿ, ಮತ್ತೆ ಉಜ್ಜು,
ಹುಬ್ಬೆಲ್ಲ ಬಿಳಿ. ರಾತ್ರಿ ಮನೆಗೆ ಹೋದರೆ
ಮೊಮ್ಮಗಳು, ಅಜ್ಜ ಒಂದೇ ದಿನಕ್ಕೆ ಮುದುಕನಾದ ಎಂದಳು.

ಲೆಕ್ಕ ಕೊಡುವಾಗ
ಮೂರನೆಯ ಪದರದ ಕೂಲಿ ಬರೆಯಲಿಲ್ಲ.
ಎತೇರಿ ಚೀಟಿ ತಿರುಗಿಸಿ ನೋಡಿದಳು,
ಸೊಸೆಯ ದೀಪ ಹಚ್ಚಿದಳು,
ಗೋಡೆಯ ಮೇಲೆ ಕೈಯಾಡಿಸಿ ಹೇಳಿದಳು:
'ಆವತ್ತೂ ನಿನ್ನಂಥವನೇ ಸಿಗಬೇಕಿತ್ತು, ನುಗ್ಝಾರ್.'

ಬಾದ್ರಿಗೆ ಕೆಮ್ಮು ಬಂತು.
ಕೋಣೆಯಲ್ಲಿ ಇನ್ನೂ ಧೂಳಿತ್ತು.