ಗೆರಟೆ

ಬಿ.ಎಂ. ರಸ್ತೆಯಲ್ಲಿ, ಪಂಕ್ಚರ್ ಅಂಗಡಿಯ ಪಕ್ಕ,
‘ಗೆರಟೆ ಆರ್ಟ್ಸ್’ ಎಂಬ ಬೋರ್ಡಿನ ಕೆಳಗೆ ನಾನು.
ಬಣ್ಣ ಕಲಸುವುದು ತೆಂಗಿನ ಗೆರಟೆಯಲ್ಲೇ ಆದ್ದರಿಂದ
ಸಕಲೇಶಪುರದಲ್ಲಿ ಯಾರೂ ಹೆಸರಿನ ಅರ್ಥ ಕೇಳಿದ್ದಿಲ್ಲ.
ಶಾಲೆಯಲ್ಲಿ ಮಾತ್ರ, ಹಾಜರಿಯ ಹೊತ್ತಿಗೆ,
ಹಿಂದಿನ ಬೆಂಚು ಟಕ್ ಟಕ್ ಎಂದು ಕುದುರೆ ಓಡಿಸುತ್ತಿತ್ತು.

ಫ್ಲೆಕ್ಸ್ ಬಂದ ಮೇಲೆ ಕೈಗೆ ಕೆಲಸ ಕಡಿಮೆ.
ಇಗರ್ಜಿಯ ಹಿಂದೆ ಗೋರಿಯೊಂದರ ಅಕ್ಷರ ತುಂಬಬೇಕು
ಎಂದು ಸಿಪ್ರಿಯನ್ ಮೇಷ್ಟ್ರು ಕರೆದಾಗ
ದರ ಮಾತಾಡದೆ ಹೊರಟೆ. ಮಾರ್ಚಿಯ ಬಿಸಿಲು.
ಲಂಟಾನಾ ಕಡಿಸಿ ನಿಂತಿದ್ದಳು ಓರ್ಲಾ ಎಂಬ ಹೆಂಗಸು,
ಐರ್ಲೆಂಡಿನ ರಾಸ್‌ಕಾಮನ್ ಕಡೆಯವಳು,
ಅರವತ್ತು ದಾಟಿದ ಹೆಗಲು ಕೆಂಪಗೆ ಸುಟ್ಟು.
ಕಲ್ಲಿನಲ್ಲಿ ಎಂಟು ಅಕ್ಷರ. ಬೆರಳಾಡಿಸಿ ಓದಿದಳು:
ಗೆರಟಿ.

ನನ್ನ ಕೈಯ ಗೆರಟೆಯೊಳಗೆ ಕಪ್ಪು ಬಣ್ಣ ಅಲುಗಿತು.

ಮೇಷ್ಟ್ರು ಅವಳ ಮಾತನ್ನು ಕನ್ನಡಕ್ಕೆ ತರುತ್ತಾ ಹೋದರು.
ಹಿಂದೆ ಈ ಹೆಸರಿಗೆ ಮುಂದೊಂದು ‘ಮ್ಯಾಗ್’ ಇತ್ತಂತೆ.
ಮ್ಯಾಗ್ ಅಂದರೆ?
ಮಗ.
ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ. ಮಗ ಅಂತಲೇ ಕಣೋ ಎಂದರು.
ಸಭೆಯಲ್ಲಿ ಕೂರುವವನ ಮಗ. ನಮ್ಮ ಲೆಕ್ಕದಲ್ಲಿ
ಅರಳಿಕಟ್ಟೆಯ ಮೇಲೆ ಜಾಗ ಇದ್ದವನ ಕುಡಿ.
ಆಮೇಲೆ ಇಂಗ್ಲಿಷರ ಗುಮಾಸ್ತರು ಬಂದರು,
ನಾಲಿಗೆಗೆ ಹೊರಳದ್ದನ್ನು ತಮ್ಮ ಬಾಯಳತೆಗೆ ಕತ್ತರಿಸಿದರು.
ಮಗನಲ್ಲಿ ‘ಮ’ ಬಿದ್ದುಹೋಯಿತು,
‘ಗ’ ಮುಂದಿನ ಪದಕ್ಕೆ ಅಂಟಿಕೊಂಡು ಬದುಕಿತು.

ಕಟ್ಟೆ ಹೋಯಿತು, ಭೂಮಿ ಹೋಯಿತು. ಕೊನೆಗೆ ಅಲ್ಲೂ
ನಮ್ಮ ಹಾಸನದ ಆಲೂಗಡ್ಡೆಗೆ ಬರುವ ಅದೇ ಅಂಗಮಾರಿ.
ಹೊಲವೆಲ್ಲ ನಾರಿದ ವರ್ಷ ಒಬ್ಬ ಹಡಗು ಹತ್ತಿದ,
ಹಾನುಬಾಳಿನ ಮೇಲೆ ಕಾಡು ಕಡಿಸಿ ಕಾಫಿ ಇಟ್ಟ,
ಚಳಿಜ್ವರದಲ್ಲಿ ಸತ್ತ. ಮದುವೆಯಿಲ್ಲ, ಮಕ್ಕಳಿಲ್ಲ.

ಅವಳ ಕಾಗದ ಅಲ್ಲಿಗೆ ಮುಗಿಯಿತು.

ಆಳುಗಳ ಬಾಯಲ್ಲಿ ಅವನು ಗೆರಟೆ ದೊರೆ. ತೋಟ, ಗೆರಟೆ ಖಾನು.
ಕತ್ತರಿಸಿಕೊಂಡು ಬಂದವನನ್ನು ನಾವೂ ಒಂದಿಷ್ಟು ಕತ್ತರಿಸಿದೆವು.
ಅಜ್ಜಿ ಪುಟ್ಟಿಂಗಿ ಒಲೆಯ ಮುಂದೆ ಗೊಣಗುತ್ತಿದ್ದಳು:
ಅವಳ ಅತ್ತೆಯ ಅತ್ತೆ ಕಾಳಿಂಗಿ
ಬಂಗಲೆಯಲ್ಲಿ ಕುದುರೆಗೆ ಹುರುಳಿ ಬೇಯಿಸುತ್ತಿದ್ದಳಂತೆ.
ಕಾಳಿಂಗಿಯ ಮಗ ಹುಚ್ಚಯ್ಯನಿಗೆ ಬೆಕ್ಕಿನ ಕಣ್ಣು.
‘ಖಾನಲ್ಲಿ ಹುಟ್ಟಿದೋನಿಗೆ ಖಾನಿನ ಹೆಸ್ರು, ಅದ್ರಲ್ಲೇನು?’
ಮತ್ತೆ ಕೇಳಿದರೆ ಸೌಟು ಎತ್ತುತ್ತಿದ್ದಳು.
‘ತೋಟ ಅವರಿಗಾಯ್ತು, ನಮ್ಮ ಕೈಗೆ ಚಿಪ್ಪು ಕೊಟ್ರು. ಉಣ್ಣು.’

ಒಂದೊಂದೇ ಅಕ್ಷರ ತುಂಬಿದೆ, ಉಸಿರು ಹಿಡಿದು.
ನಡುವೆ ಒಂದು ಜಿ, ಒಂದು ಹೆಚ್.
ಇವನ್ನು ಯಾರೂ ಉಚ್ಚರಿಸುವುದಿಲ್ಲ ಎಂದಳು.
ಹಾಗಾದರೆ ಯಾಕಿವೆ?
ಒಂದು ಕಾಲಕ್ಕೆ ಅಲ್ಲಿ ಸದ್ದಿತ್ತು ಎಂದಳು.
ಸದ್ದಿಲ್ಲದ್ದಕ್ಕೂ ಅಷ್ಟೇ ಬಣ್ಣ ಹಿಡಿಯಿತು.
ಹೆಚ್‌ಗೆ ಮಾತ್ರ, ಕಾಳಿಂಗಿಯ ಲೆಕ್ಕಕ್ಕೆ,
ಎರಡನೇ ಕೋಟು ಕೊಟ್ಟೆ.

ಎಂಟುನೂರು ರೂಪಾಯಿ. ಬಿಲ್ ಬೇಕೆಂದಳು.
ಹರಿದುಕೊಟ್ಟೆ. ತಲೆಬರಹದಲ್ಲಿ ನನ್ನ ಹೆಸರು
ಕನ್ನಡದಲ್ಲಿ ದುಂಡಗೆ ಕೂತಿತ್ತು.
ಮೇಷ್ಟ್ರು ಬಿಲ್ ನೋಡಿದರು, ನನ್ನ ಮುಖ ನೋಡಿದರು.
ಬಣ್ಣ ಕದಡುತ್ತಾ ತಲೆಯಾಡಿಸಿದೆ: ಬೇಡ.
ಓದಲಾಗದ ಆ ಚೀಟಿಯನ್ನು ಅವಳು ಜೋಪಾನವಾಗಿ ಮಡಚಿ
ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು.

ಅವರ ಕಾರು ತಿರುವು ದಾಟಿದ ಮೇಲೆ
ಗೆರಟೆಯ ತಳದಲ್ಲಿ ಒಂದಕ್ಷರದಷ್ಟು ಬಣ್ಣ ಮಿಕ್ಕಿತ್ತು.
ಕಲ್ಲಿನ ಹಿಂಬದಿಗೆ ಹೋಗಿ, ಮಣ್ಣಿಗೆ ಗೇಣು ಮೇಲೆ,
‘ಮ’ ಬರೆದೆ.
‘ಗ’ ಬರೆಯಲು ಬಣ್ಣ ಸಾಲಲಿಲ್ಲ.
ಅದು ಆಚೆ ಬದಿಯಲ್ಲಿ ಇತ್ತಲ್ಲ.