ಸಂದುಬಳ್ಳಿ

ಸುಲ್ತಾನ್ ಬತ್ತೇರಿಗೆ ಹೋಗುವ ಸಿಟಿ ಬಸ್ಸಿನ ಬಾಗಿಲಿಂದ
ನಾನು ಬಿದ್ದದ್ದು ಒಂದು ಸೋಮವಾರ.
ಚಿಲ್ಲರೆ ಪೂರಾ ಸಿಕ್ಕಿತು, ಶಾಲೆ ಮಕ್ಕಳು ಹೆಕ್ಕಿ ಕೊಟ್ಟರು.
ಎಡಗೈ ಮಾತ್ರ ಎರಡಾಗಿತ್ತು.

ಹೆಂಚಿನ ಕಾರ್ಖಾನೆಯ ಹಿಂದೆ ಕೊರಪೊಳಕ್ಕನ ಮನೆ.
ಕಾರ್ಖಾನೆ ಮುಚ್ಚಿ ಎಷ್ಟು ಕಾಲವಾಯಿತೋ,
ಕಾಂಪೌಂಡಿನ ಮೇಲೆ ಈಗ ಅವಳ ಬಳ್ಳಿಯದೇ ಶಿಫ್ಟು.
ಕೆಲವರು ಮಂಗರವಳ್ಳಿ ಅನ್ನುತ್ತಾರೆ, ಅವಳಿಗೆ ಸಂದುಬಳ್ಳಿ.
ನಾಲ್ಕು ಏಣಿನ ಹಸಿರು ಕಾಂಡ, ಗೇಣಿಗೊಂದು ಗಂಟು,
ಯಾರೋ ಮೂಳೆಗೆ ಮೂಳೆ ಜೋಡಿಸುತ್ತ ಹೋಗಿ
ಮನುಷ್ಯನನ್ನು ಮಾಡಲು ಮರೆತ ಹಾಗೆ.

ಎಕ್ಸ್‌ರೇ ಹಾಳೆ ಬಿಸಿಲಿಗೆ ಹಿಡಿದು ನೋಡಿದಳು.
"ಚಂದ ತೆಗ್ದಿದ್ದಾರೆ ಮಾರಾಯ, ಫ್ರೇಮು ಹಾಕಿಸು."
ಮತ್ತೆ ಕಣ್ಣು ಮುಚ್ಚಿ
ಹೆಬ್ಬೆರಳಲ್ಲಿ ಓದಿದಳು ನನ್ನ ಕೈ, ನಿಧಾನ,
ಅಕ್ಷರ ಕೂಡಿಸಿ ಕೂಡಿಸಿ.
"ಒಂದು, ಎರಡು, ಮೂರು ಹೇಳು" ಅಂದವಳು
ಎರಡಕ್ಕೇ ಎಳೆದಳು.
ನನ್ನ ಮೂರು
ಹೊಳೆ ದಾಟಿ ಬೆಂಗ್ರೆಯವರಿಗೆ ಕೇಳಿರಬೇಕು.

ಅರೆದ ಬಳ್ಳಿ, ಮೊಟ್ಟೆಯ ಬಿಳಿ, ಹಳೆ ಸೀರೆಯ ಅಂಚು,
ಬಿದಿರಿನ ನಾಲ್ಕು ಸೀಳು.
ಉಳಿದದ್ದನ್ನು ಎಳ್ಳೆಣ್ಣೆಯಲ್ಲಿ ಬಾಡಿಸಿ ಚಟ್ನಿ ಮಾಡಬೇಕಂತೆ.
"ಹುಳಿಗೆ ಪಿಟ್ಟಾಸು ಮಾಡ್ಬೇಡ,
ಆಮೇಲೆ ಗಂಟಲು ತುರಿಸಿದ್ರೆ ನನ್ನ ಅಜ್ಜಿಗೆ ಬೈಬೇಡ."

ಅರೆಯುವಾಗ ಕಂಡದ್ದು:
ಅವಳದೇ ಬಲ ಮಣಿಕಟ್ಟು ಸೊಟ್ಟ.
"ಇದಾ? ಜೇಡಿ ಹೊರುವಾಗ ಆದದ್ದು. ರಜೆ ಹಾಕಿದ್ರೆ ಸಂಬಳ ಇಲ್ಲ.
ಬಳ್ಳಿ ಆವತ್ತೂ ಇತ್ತು.
ಕಟ್ಲಿಕ್ಕೆ ಎರಡು ಕೈ ಬೇಕಲ್ಲ."
ಅಷ್ಟು ಹೇಳಿ
ಅಂಗಳದಲ್ಲಿ ಬಿದ್ದಿದ್ದ ಒಂದು ತುಂಡನ್ನು
ಕಾಲಲ್ಲೇ ಮಣ್ಣಿಗೆ ಒತ್ತಿದಳು.

ದುಡ್ಡು ಮುಟ್ಟಲಿಲ್ಲ.
"ಕಾರ್ಖಾನೆ ಗೇಟಿನ ಹತ್ರ ಸ್ಟಾಪಿಲ್ಲ.
ಮೂವತ್ತು ವರ್ಷ ದುಡಿದ ಗೇಟು,
ಇಳಿಯುವುದು ಮಾತ್ರ ಎರಡು ಫರ್ಲಾಂಗು ಆಚೆ.
ನಾನು ನಿಂತದ್ದು ಕಂಡ್ರೆ ನಿಲ್ಸು."

ಈಗ ಮತ್ತೆ ಬಾಗಿಲಲ್ಲಿದ್ದೇನೆ.
ಮಳೆ ಬರುವ ಹಿಂದಿನ ರಾತ್ರಿ
ಕೈಯೊಳಗೆ ಯಾರೋ ಟಿಕೆಟ್ ಕೇಳುತ್ತಾರೆ, ಅಷ್ಟೇ.
ಗೇಟು ಬರುವಾಗ ಸೀಟಿ ಊದುತ್ತೇನೆ.
"ಏರ್ ಮಾರಾಯ ಅಲ್ಪ?" ಅಂತ ಡ್ರೈವರ್ ಐತಪ್ಪಣ್ಣನ ಸಿಡುಕು.
ಹೆಚ್ಚಿನ ದಿನ ಯಾರೂ ಇರುವುದಿಲ್ಲ.
ಗೋಡೆ ಇಳಿದ ಒಂದು ಎಳೆ ಕುಡಿ
ರಸ್ತೆಯ ಕಡೆ ಚಾಚಿಕೊಂಡು
ಹಿಡಿಯಲಿಕ್ಕೆ ಕಂಬಿ ಹುಡುಕುತ್ತಿರುತ್ತದೆ.
ಬಸ್ಸು ನಿಲ್ಲುತ್ತದೆ.
ರೈಟ್ ಅನ್ನಲು ನಾನು ಸ್ವಲ್ಪ ತಡ ಮಾಡುತ್ತೇನೆ.