ರಂಜಣಗಿಯ ಮುಚ್ಚಳ

ಚೌಬಾರಾದ ಹಿಂದಿನ ಓಣಿಯಾಗ
ನಮ್ಮಜ್ಜ ಬಡೇಸಾಬ ಮಣಿಯಾರ ಲಾಖಿನ ಬಳಿ ಮಾಡತಿದ್ದ.
ಯುದ್ಧದಾಗ ಲಾಖು ಸಿಗದ ವರ್ಷ
ಸೇರಿಗೆ ಎರಡಾಣೆ ಹಾಲಿ ಸಿಕ್ಕಾ ಕೊಟ್ಟು
ಗೋಣಿಗಟ್ಟಲೆ ಹಾಡಿನ ಪ್ಲೇಟು ಕೊಂಡ.
ಒಡದ, ಕುಟ್ಟಿದ, ಕೆಂಡದ ಮ್ಯಾಲ ಕರಗಿಸಿ
ಖಯಾಲು ಠುಮರಿ ಎಲ್ಲಾ ಒಂದ ಮುದ್ದಿ ಮಾಡಿ
ಡಜನ್ನಿನ ಲೆಕ್ಕದಾಗ ಮಾರಿದ.
ಬೀದರಿನ ಯಾವ ಮದುಮಗಳ ಕೈಯಾಗ
ಯಾರ ಗಂಟಲು ಇತ್ತೋ.
ಲಾಖಿನ ಬಳಿ ಗಾಜಿನಂಗ ಖಣಖಣ ಅನ್ನೂದಿಲ್ಲ,
ಅದು ಅದರ ಗುಣ.

ಒಂದು ಉಳೀತು.
ಅಜ್ಜಿಗೆ ರಂಜಣಗಿಗೊಂದು ಮುಚ್ಚಳ ಬೇಕಾಗಿತ್ತು,
ಅಳತಿ ಕೂಡಿತು, ಅಷ್ಟೇ.
ಮ್ಯಾಲಿನ ಬಾಜು ತಂಬಿಗಿ ಇಟ್ಟಿಟ್ಟು ತೇದು ಹೋತು.
ಕೆಳಗಿಂದು ನೀರಿನ ಕಡಿ ಮುಖ ಮಾಡಿ
ಮೂವತ್ತು ವರ್ಷ ತಂಪಾಗಿ ಕೂತಿತ್ತು.
ಅದರಾಗ ಭಾಲ್ಕಿಯ ಗಜರಾಬಾಯಿ,
ಮುಲ್ತಾನಿ, ಮೂರು ನಿಮಿಷ ಹತ್ತು ಸೆಕೆಂಡು.

ಅಂಚಿನಿಂದ ಒಂದು ಬಿರುಕು, ಕೂದಲೆಳಿಯಷ್ಟು.
ನಿಮಿಷಕ್ಕ ಎಪ್ಪತ್ತೆಂಟು ಸಲ
ಟಕ್.
ಆಕಿ ಪಂಚಮಕ್ಕ ಹತ್ತೂ ಮುಂದ ಟಕ್,
ಹತ್ತಿ ಕೂತ ಮ್ಯಾಲ ಟಕ್.
ನಾ ಮುಲ್ತಾನಿ ಕಲಿತದ್ದು ಹಂಗ,
ಅದೂ ಒಂದು ಸ್ವರ ಅಂತ ತಿಳಿದು.
ಕಡೀಕ, ತಂಬೂರಿ ಇನ್ನೂ ನಿಂತಿಲ್ಲ,
ಗಡಬಡಿಸಿ ಹೇಳತಾಳ:
“ಮೈ ಗಜರಾಬಾಯಿ, ಭಾಲ್ಕಿವಾಲಿ!”
ಹೇಳಿ ನಗತಾಳ. ಯಾರೋ ಚುಪ್ ಅಂತಾರ.

ಮುಂಬಯಿಯಿಂದ ಪಾರಸನೀಸ ಅನ್ನಾವರು ಬಂದರು.
ಬಿಳಿ ಕೈಗವಸು ಹಾಕ್ಕೊಂಡು ಎತ್ತಿ,
“ಇಡೀ ಜಗತ್ತಿನಾಗ ಇದೊಂದೇ” ಅಂದರು.
ನಾ ರಂಜಣಗಿ ಕಡಿ ನೋಡಿದೆ.
ಅದಕ್ಕ ಈಗ ಸ್ಟೀಲಿನ ತಾಟು.

ಮರುವರ್ಷ ಸಿಡಿ ಬಂತು.
ಸರಸರ ಇಲ್ಲ, ಟಕ್ ಇಲ್ಲ,
ಖೋಲಿ ತೊಳದು ಒರೆಸಿ ಕೀಲಿ ಹಾಕಿದಂಗ.
ಪಂಚಮ ಬಂತು,
ಯಾರೂ ಬಾಗಿಲಾ ಬಡೀಲಿಲ್ಲ.
ಕಡೀಕ ಹೆಸರೂ ಇಲ್ಲ.
“ಅದು ಸಂಗೀತ ಅಲ್ಲಲ್ಲ, ಕತ್ತರಿಸಿದಿವಿ” ಅಂದರು ಫೋನಿನಾಗ.
ಹೊದಿಕಿ ಮ್ಯಾಲ ಅಚ್ಚಾಗಿತ್ತು: ಗಿರಿಜಾಬಾಯಿ.

ಐನೂರೇ ಪ್ರತಿ. ಎಲ್ಲಾ ಖಾಲಿ,
ಕಂಪನಿನೂ ಮುಚ್ಚಿ ಹೋತು.
ಹೋದ ತಿಂಗಳು ಕಲಬುರಗಿಯ ಹುಡುಗನೊಬ್ಬ,
“ಆಪಾ, ಆ ಸಿಡಿ ಎಲ್ಲೂ ಸಿಗವಲ್ದು,
ಏಳು ಸಾವಿರ ಕೊಡತೀನಿ” ಅಂದ.
“ಖರೇದ್ದ ಪ್ಲೇಟು ಅದ, ಬಂದು ಕೇಳು” ಅಂದೆ.
“ಅದರಾಗ ಭಾಳ ಗದ್ದಲ ಇರತದಂತಲ್ಲ?”
“ಇರತದ” ಅಂದೆ.

ಅಜ್ಜನ ಎರಡು ಬಳಿ ಇನ್ನೂ ಕೈಯಾಗ ಅವ.
ಕಿವಿಗೆ ಹಿಡಿದು ನೋಡೀನಿ. ಏನೂ ಇಲ್ಲ.

ಸಿಡಿ ಕೊಟ್ಟು ಬಿಟ್ಟೆ.
ಕಳಸೂ ಮುಂದ ಹೊದಿಕಿ ಮ್ಯಾಲ
ಗಿರಿಜಾ ಹೊಡದು ಹಾಕಿ
ನೀಲಿ ಪೆನ್ನಿಂದ ಗಜರಾ ಅಂತ ಬರದೆ.
ಹುಡುಗ ಭಾಳ ಹಳಹಳಿಸಿದ:
ಹೊದಿಕಿ ಕೆಟ್ಟೈತಿ, ಬೆಲಿ ಇಳೀತದ ಅಂತ
ಐನೂರು ರೂಪಾಯಿ ಮುರಕೊಂಡ.